ಹೆಲ್ಮೆಟ್ಟಿನೊಳಗೆ ಹಾಡು: ಮೊದಲು ಗಾಳಿಯ ಸದ್ದು ಇಳಿಸಿ, ಆಮೇಲೆ ವಾಲ್ಯೂಮ್ ನೋಡೋಣ

ಪ್ರಶ್ನೆ: ತಿಂಗಳಿಗೊಮ್ಮೆ ಬೆಂಗಳೂರಿನಿಂದ ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಅಂಕೋಲಾಕ್ಕೆ ಬೈಕಿನಲ್ಲೇ ಹೋಗಿ ಬರುತ್ತೇನೆ. 350 ಸಿಸಿ ಬೈಕು, ಮುಂದೆ ಹೊರಗಿನಿಂದ ಕೊಂಡ ವಿಂಡ್‌ಶೀಲ್ಡ್ ಹಾಕಿಸಿದ್ದೇನೆ. ಫುಲ್ ಫೇಸ್ ಹೆಲ್ಮೆಟ್ಟಿಗೆ ಬ್ಲೂಟೂತ್ ಸ್ಪೀಕರ್ ಸೆಟ್ ಇದೆ. 50–60ರ ವೇಗದಲ್ಲಿ ಹಾಡು ಚೆನ್ನಾಗಿ ಕೇಳುತ್ತದೆ. 90 ದಾಟಿದರೆ ವಾಲ್ಯೂಮ್ ಪೂರ್ತಿ ಇಟ್ಟರೂ ಸಾಹಿತ್ಯ ತಿಳಿಯುವುದಿಲ್ಲ, ಬೇಸ್ ಅಂತೂ ಇಲ್ಲವೇ ಇಲ್ಲ. ಊರು ಮುಟ್ಟಿದ ರಾತ್ರಿಯೆಲ್ಲ ಕಿವಿಯಲ್ಲಿ ಗುಂಯ್ ಅನ್ನುತ್ತಿರುತ್ತದೆ. ಇನ್ನೂ ಜೋರಾದ ದುಬಾರಿ ಸೆಟ್ ಕೊಳ್ಳಲೇ? ಇಲ್ಲ, ಕಿವಿಯೊಳಗೆ ಹಾಕುವ ಇಯರ್‌ಬಡ್ಸ್ ಸಾಕೇ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ನಿಮ್ಮ ಪತ್ರದಲ್ಲಿ ಮುಖ್ಯವಾದದ್ದು ಬೇಸ್ ಅಲ್ಲ, ರಾತ್ರಿಯ ಆ ಗುಂಯ್ ಸದ್ದು. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ದಣಿದಾಗ ಹಾಗಾಗುತ್ತದೆ. ಒಂದೆರಡು ಸಲ ದಣಿದರೆ ಸುಧಾರಿಸಿಕೊಳ್ಳುತ್ತವೆ. ತಿಂಗಳು ತಿಂಗಳೂ ದಣಿಸಿದರೆ ಸಾಯುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ. ಅದಕ್ಕೆ ಕಾರಣ ಹಾಡೊಂದೇ ಅಲ್ಲ. ಹಾಡು ಹಾಕದೆ ಹೋದರೂ ಅಷ್ಟು ದೂರಕ್ಕೆ ನಿಮ್ಮ ಕಿವಿ ದಣಿಯುತ್ತಿತ್ತು, ಏಕೆಂದರೆ ಅಸಲಿ ಗಲಾಟೆ ಗಾಳಿಯದು.

ಗಂಟೆಗೆ 100 ಕಿ.ಮೀ. ವೇಗದಲ್ಲಿ ಸಾಮಾನ್ಯ ಹೆಲ್ಮೆಟ್ಟಿನೊಳಗೆ ಗಾಳಿಯ ಸದ್ದೇ 95ರಿಂದ 100 ಡೆಸಿಬೆಲ್ ಆಸುಪಾಸಿನಲ್ಲಿರುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್ ಹಾಕಿಕೊಟ್ಟಿರುವ ಲೆಕ್ಕ ಹೀಗಿದೆ: 85 ಡೆಸಿಬೆಲ್ ಆದರೆ ದಿನಕ್ಕೆ 8 ಗಂಟೆ ಕೇಳಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧಕ್ಕಿಳಿಯುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1, 97ಕ್ಕೆ ಅರ್ಧ ಗಂಟೆ, 100ಕ್ಕೆ ಕಾಲು ಗಂಟೆ. ಅಂದರೆ ನೆಲಮಂಗಲ ಬಿಟ್ಟು ವೇಗ ಹಿಡಿದರೆ ತುಮಕೂರು ಬರುವಷ್ಟರಲ್ಲಿ ನಿಮ್ಮ ಕಿವಿಯ ಆ ದಿನದ ಪಾಲು ಖರ್ಚಾಗಿರುತ್ತದೆ. ಹುಬ್ಬಳ್ಳಿ ಇನ್ನೂ ಮುನ್ನೂರೈವತ್ತು ಕಿಲೋಮೀಟರ್ ಆಚೆ. ಈ ಗಾಳಿಯನ್ನು ಮೀರಿಸಿ ಸಾಹಿತ್ಯ ಕೇಳಿಸಬೇಕಾದರೆ ಸ್ಪೀಕರ್ ಅದಕ್ಕಿಂತ ಜೋರಾಗಿ ಕೂಗಬೇಕು. ದುಬಾರಿ ಸೆಟ್ ಅದನ್ನೂ ಮಾಡಿಬಿಡುತ್ತದೆ. ನಮ್ಮ ಹೆದರಿಕೆ ಅದೇ.

ವೇಗದ ಬಗ್ಗೆ ಒಂದು ಮಾತು. 2018ರ ಕೇಂದ್ರದ ಅಧಿಸೂಚನೆಯ ಪ್ರಕಾರ ಡಿವೈಡರ್ ಇರುವ ಚತುಷ್ಪಥದಲ್ಲಿ ಬೈಕಿನ ಮಿತಿ 80. ಕಾನೂನು ಒತ್ತಟ್ಟಿಗಿರಲಿ, ಗಾಳಿಯ ಸದ್ದು ವೇಗದ ಐದಾರು ಘಾತದ ಲೆಕ್ಕದಲ್ಲಿ ಏರುತ್ತದೆ. ವೇಗ 95ರಿಂದ 80ಕ್ಕೆ ಇಳಿದರೆ ಸುಮಾರು 4 ಡೆಸಿಬೆಲ್ ಕಡಿಮೆ, ಕಿವಿ ತಾಳುವ ಸಮಯ ಎರಡು ಪಟ್ಟಿಗೂ ಹೆಚ್ಚು. ಒಂದು ಪೈಸೆ ಖರ್ಚಿಲ್ಲದ ರಿಪೇರಿ ಇದು.

ಎರಡನೆಯ ರಿಪೇರಿ ಇಯರ್‌ಪ್ಲಗ್. ಹಾಡು ಕೇಳಲು ಕಿವಿ ಮುಚ್ಚಿಕೊಳ್ಳುವುದೇ ಎಂದು ನಗಬೇಡಿ. ಪ್ಲಗ್ ಗಾಳಿಯನ್ನೂ ಹಾಡನ್ನೂ ಕೂಡಿಯೇ ಇಳಿಸುತ್ತದೆ ನಿಜ, ಎರಡರ ನಡುವಿನ ಅಂತರ ಹಾಗೆಯೇ ಉಳಿಯುತ್ತದೆ. ಆದರೆ ನೂರು ಡೆಸಿಬೆಲ್ ಹತ್ತಿರದ ಗಲಾಟೆಯಲ್ಲಿ ಕಿವಿಯೇ ತೊದಲಲು ಶುರುಮಾಡುತ್ತದೆ. ಒಳಗೆ ಬಂದ ಸದ್ದುಗಳನ್ನು ಬಿಡಿಸಿ ಹೇಳುವ ಶಕ್ತಿ ಅದಕ್ಕೆ ಉಳಿಯುವುದಿಲ್ಲ. ಅದೇ ಮಿಶ್ರಣವನ್ನು 20 ಡೆಸಿಬೆಲ್ ಕೆಳಗಿಳಿಸಿ ಕೊಟ್ಟರೆ ಸಾಹಿತ್ಯ ಬೇರೆಯಾಗಿ, ಗಾಳಿ ಬೇರೆಯಾಗಿ ಕೇಳುತ್ತದೆ. ಕಣ್ಣು ಕುಕ್ಕುವ ಬಿಸಿಲಿನಲ್ಲಿ ಕಪ್ಪು ಕನ್ನಡಕ ಹಾಕಿದಾಗ ಅಕ್ಷರ ಸ್ಪಷ್ಟವಾಗುತ್ತದಲ್ಲ, ಹಾಗೆ.

ಕಾರ್ಖಾನೆಗಳಲ್ಲಿ ಬಳಸುವ ಸ್ಪಂಜಿನಂಥ ಫೋಮ್ ಪ್ಲಗ್ ಸಾಕು. ಪೊಟ್ಟಣದ ಮೇಲೆ ಎಸ್‌ಎನ್‌ಆರ್ 33, 37 ಎಂದೆಲ್ಲ ಇರುತ್ತದೆ. ಸದ್ದನ್ನು ಎಷ್ಟು ಡೆಸಿಬೆಲ್ ಇಳಿಸುತ್ತದೆ ಎಂದು ಪ್ರಯೋಗಾಲಯದಲ್ಲಿ ಅಳೆದ ಅಂಕಿ ಅದು. ನಮ್ಮ ನಿಮ್ಮ ಕೈಯಲ್ಲಿ 15ರಿಂದ 20 ಸಿಕ್ಕರೆ ದೊಡ್ಡದು, ಅದೂ ಸರಿಯಾಗಿ ಹಾಕಿದರೆ. ಬಹುತೇಕರು ಎಡವುವುದು ಇಲ್ಲೇ. ಪ್ಲಗ್ಗನ್ನು ಒಣ ಬೆರಳುಗಳ ನಡುವೆ ಹೊಸೆದು, ಊದುಬತ್ತಿಯ ಕಡ್ಡಿಗಿಂತ ತುಸು ದಪ್ಪ ಆಗುವವರೆಗೆ, ಸುಕ್ಕಿಲ್ಲದಂತೆ ಸಣ್ಣ ಮಾಡಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಮೇಲಿಂದ ತಂದು ಬಲಗಿವಿಯ ಮೇಲಂಚನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಹಿಡಿಯಿರಿ. ಆಗ ಕಿವಿಯ ಸೊಟ್ಟ ನಾಳ ನೆಟ್ಟಗಾಗುತ್ತದೆ. ಪ್ಲಗ್ ತೂರಿಸಿ ಬೆರಳಿನ ತುದಿಯಿಂದ 30 ಸೆಕೆಂಡ್ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಅರಳುತ್ತಾ ಹೊರಬರುತ್ತದೆ. ಕನ್ನಡಿಯಲ್ಲಿ ನೇರ ನೋಡಿದಾಗ ಪ್ಲಗ್ಗಿನ ತುದಿ ಹೊರಗೆ ಚಾಚಿಕೊಂಡು ಕಾಣಬಾರದು. ಚಾಚಿದ್ದರೆ ಸ್ಪೀಕರ್ ಅದನ್ನು ಒತ್ತಿ ಅರ್ಧ ಗಂಟೆಯಲ್ಲಿ ನೋವು ಬರುತ್ತದೆ. ತೆಗೆಯುವಾಗ ತಿರುಗಿಸುತ್ತಾ ನಿಧಾನವಾಗಿ ಎಳೆಯಿರಿ. ಗಬಕ್ಕನೆ ಕಿತ್ತರೆ ತಮಟೆಯ ಮೇಲೆ ಎಳೆತ ಬೀಳುತ್ತದೆ. ಕೊಳೆಯಾದ ಜೋಡಿಯನ್ನು ಎಸೆಯಿರಿ, ತೊಳೆದು ಬಳಸಬೇಡಿ.

ಫೋಮ್‌ಗೆ ಒಂದು ಕೊರತೆ ಇದೆ. ಅದು ಚೂಪು ಸ್ವರಗಳನ್ನು ಹೆಚ್ಚು ತಿನ್ನುತ್ತದೆ, ಹಾಡು ಕಂಬಳಿ ಹೊದ್ದಂತೆ ಕೇಳುತ್ತದೆ. ಬೈಕಿನವರಿಗೆಂದೇ ಮಾಡಿದ, ನಡುವೆ ಸಣ್ಣ ಫಿಲ್ಟರ್ ಇರುವ ಸಿಲಿಕೋನ್ ಪ್ಲಗ್‌ಗಳಲ್ಲಿ ಈ ತೊಂದರೆ ಕಡಿಮೆ, ಹಾರ್ನ್ ಕೂಡ ಚೆನ್ನಾಗಿ ಕೇಳುತ್ತದೆ, ತೊಳೆದು ವರ್ಷಗಟ್ಟಲೆ ಬಳಸಬಹುದು. ಮೊದಲು ಫೋಮ್ ಹಾಕಿ ಅಭ್ಯಾಸವಾಗಲಿ, ಆಮೇಲೆ ಅದಕ್ಕೆ ದುಡ್ಡು ಹಾಕಿ.

ಈಗ ನಿಮ್ಮ ವಿಂಡ್‌ಶೀಲ್ಡ್. ನಮ್ಮ ಅನುಮಾನ ಬಹುಪಾಲು ಅದರ ಮೇಲೇ. ಗಾಜಿನ ಮೇಲಂಚಿನಿಂದ ಕಿತ್ತುಬರುವ ಗಾಳಿ ಸುಳಿಸುಳಿಯಾಗಿರುತ್ತದೆ. ಆ ಸುಳಿ ಎದೆಗೆ ಬಡಿದರೆ ಅಡ್ಡಿಯಿಲ್ಲ, ಹೆಲ್ಮೆಟ್ಟಿಗೆ ಬಡಿದರೆ ಡಬಡಬ ಎಂದು ನಗಾರಿ ಬಾರಿಸಿದಂತೆ. ಪರೀಕ್ಷೆ ಸುಲಭ. ಖಾಲಿ ನೇರ ರಸ್ತೆಯಲ್ಲಿ 70–80ರಲ್ಲಿ ಹೋಗುತ್ತಾ ಫುಟ್‌ರೆಸ್ಟ್ ಮೇಲೆ ನಾಲ್ಕು ಬೆರಳಿನಷ್ಟು ಮೇಲೆದ್ದು ನೋಡಿ, ಆಮೇಲೆ ಅಷ್ಟೇ ತಗ್ಗಿ ನೋಡಿ. ಎರಡರಲ್ಲಿ ಯಾವುದರಲ್ಲಿ ಸದ್ದು ಥಟ್ಟನೆ ಇಳಿದರೂ ದೋಷ ಗಾಜಿನದು. ಎದ್ದಾಗ ಇಳಿದರೆ ಗಾಜನ್ನು ತಗ್ಗಿಸಿ. ಒಂದು ಪ್ರಯಾಣ ಅದನ್ನು ಬಿಚ್ಚಿಟ್ಟೇ ಹೋಗಿ ಬನ್ನಿ, ಗಾಜಿಲ್ಲದ ಬೈಕಿನಲ್ಲಿ ಗಾಳಿಯ ಒತ್ತಡ ಹೆಚ್ಚಿದ್ದರೂ ಸದ್ದು ಸಮನಾಗಿ ಬರುತ್ತದೆ. ಚಿತ್ರದುರ್ಗದ ಬಳಿ ಗುಡ್ಡದ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಅಲ್ಲಿ ಅಡ್ಡಗಾಳಿ ಬೀಸುವಾಗ ಯಾವ ಗಾಜೂ ಕೆಲಸಕ್ಕೆ ಬಾರದು, ಆ ಭಾಗದಲ್ಲಿ ಹಾಡು ಕೇಳಲಿಲ್ಲ ಎಂದು ವಾಲ್ಯೂಮ್ ಏರಿಸಬೇಡಿ.

ಹೆಲ್ಮೆಟ್ಟಿಗೆ ಸದ್ದು ನುಗ್ಗುವ ದೊಡ್ಡ ಬಾಗಿಲು ಕುತ್ತಿಗೆಯ ಕಡೆಯದು. ಗದ್ದದ ಕೆಳಗೆ ಸಿಕ್ಕಿಸುವ ಬಟ್ಟೆಯ ಕರ್ಟನ್ ಸಿಕ್ಕರೆ ಹಾಕಿ, ಸಿಗದಿದ್ದರೆ ಕುತ್ತಿಗೆಗೆ ಕೊಳವೆಯಂತೆ ಏರಿಸುವ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಹೆಲ್ಮೆಟ್ಟಿನ ಅಂಚಿಗೆ ತಾಗುವಂತೆ ಕೂರಿಸಿ. ವೈಸರ್‌ನ ಬಿಗಿ ನೋಡಲು ಒಂದು ಚೀಟಿ ಕಾಗದ ಸಾಕು: ರಬ್ಬರ್ ಬೀಡಿಂಗ್ ಮೇಲೆ ಕಾಗದ ಇಟ್ಟು ವೈಸರ್ ಮುಚ್ಚಿ ಎಳೆಯಿರಿ. ಹಿಡಿದುಕೊಂಡರೆ ಸರಿ. ಸರಾಗವಾಗಿ ಜಾರಿಬಂದರೆ ಆ ಜಾಗದಲ್ಲಿ ಗಾಳಿ ಸೀಟಿ ಹೊಡೆಯುತ್ತದೆ. ಎಡ, ನಡು, ಬಲ ಮೂರೂ ಕಡೆ ನೋಡಿ. ಪಕ್ಕದ ಸ್ಕ್ರೂ ಸಡಿಲಿಸಿ ವೈಸರನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿದರೆ ಬಹುತೇಕ ಸರಿಹೋಗುತ್ತದೆ.

ಇಷ್ಟಾದ ಮೇಲೆ ಸ್ಪೀಕರ್‌ಗೆ ಬರೋಣ. ಹೆಲ್ಮೆಟ್ ಸೆಟ್‌ಗಳ ದೂರುಗಳಲ್ಲಿ ಹೆಚ್ಚಿನವು ಸ್ಪೀಕರ್ ಕೆಟ್ಟದ್ದೆಂದಲ್ಲ, ತಪ್ಪು ಜಾಗದಲ್ಲಿ ಕೂತಿದೆ ಎಂದು. 40 ಮಿಲಿಮೀಟರ್‌ನ ಈ ಬಿಲ್ಲೆಗಳು ಕಿವಿಯ ತೂತಿಗೆ ನೇರ ಎದುರಾಗಿರಬೇಕು. ಒಂದು ಸೆಂಟಿಮೀಟರ್ ಹಿಂದಕ್ಕೋ ಕೆಳಕ್ಕೋ ಸರಿದರೆ ಸದ್ದು ಕುಸಿಯುತ್ತದೆ, ಎಲ್ಲಕ್ಕಿಂತ ಮೊದಲು ಬೇಸ್ ಹೋಗುತ್ತದೆ. ಹೆಲ್ಮೆಟ್ಟಿನಲ್ಲಿ ಕಿವಿಗೆಂದು ಕೊರೆದ ಗುಂಡಿಯ ನಡುಮಧ್ಯಕ್ಕೆ ಅಂಟಿಸಿ ಕೈತೊಳೆದುಕೊಳ್ಳುವುದು ಸಾಮಾನ್ಯ ತಪ್ಪು. ಗುಂಡಿ ಎಲ್ಲರ ತಲೆಗೂ ಒಂದೇ, ಕಿವಿ ಹಾಗಲ್ಲ.

ಮನೆಯಲ್ಲಿರುವ ಸ್ಟಿಕ್ಕರ್ ಬೊಟ್ಟು ಇದಕ್ಕೆ ಒಳ್ಳೆಯ ಸಾಧನ. ಸ್ಪೀಕರ್ ತೆಗೆದಿಟ್ಟು ಹೆಲ್ಮೆಟ್ ಹಾಕಿ ಪಟ್ಟಿ ಬಿಗಿಯಿರಿ. ತೋರುಬೆರಳ ತುದಿಗೆ ಒಂದು ಬೊಟ್ಟನ್ನು ಅಂಟು ಹೊರಮುಖವಾಗುವಂತೆ ಇಟ್ಟುಕೊಂಡು, ದವಡೆಯ ಕೆಳಗಿನಿಂದ ಬೆರಳು ತೂರಿಸಿ, ಕಿವಿಯ ತೂತು ಎಲ್ಲಿದೆಯೋ ಅದರ ಎದುರಿನ ಗುಂಡಿಯ ಗೋಡೆಗೆ ಒತ್ತಿ. ಹೆಲ್ಮೆಟ್ ತೆಗೆದು ನೋಡಿದರೆ ಬಹಳಷ್ಟು ಜನರಿಗೆ ಬೊಟ್ಟು ಗುಂಡಿಯ ಮಧ್ಯಕ್ಕಿಂತ ಮುಂದೆ, ಮೇಲೆ ಕೂತಿರುತ್ತದೆ. ಸ್ಪೀಕರ್‌ನ ಮಧ್ಯ ಆ ಬೊಟ್ಟಿನ ಮೇಲೆ ಬರಲಿ. ಎರಡೂ ಕಡೆ ಬೇರೆಬೇರೆಯಾಗಿ ಮಾಡಿ, ಎಡ ಬಲ ಒಂದೇ ಇರಬೇಕೆಂದೇನೂ ಇಲ್ಲ.

ಆಮೇಲೆ ಆಳ. ಸ್ಪೀಕರ್ ಕಿವಿಗೆ ಮುಟ್ಟಿಯೂ ಮುಟ್ಟದಂತಿರಬೇಕು. ಗುಂಡಿ ಆಳವಿದ್ದರೆ ಹಿಂದೆ ಸ್ಪಂಜಿನ ಬಿಲ್ಲೆ ಕೊಟ್ಟು ಮುಂದಕ್ಕೆ ತನ್ನಿ. ಸೆಟ್ಟಿನ ಜೊತೆ ಬರುವ ದಪ್ಪ ಪ್ಯಾಡ್ ಇರುವುದು ಇದಕ್ಕೇ, ಎಷ್ಟೋ ಜನ ಅದನ್ನು ಡಬ್ಬಿಯಲ್ಲೇ ಬಿಟ್ಟಿರುತ್ತಾರೆ. ಕಿವಿ ಒತ್ತುತ್ತಿದ್ದರೆ ಮಾತ್ರ ತೆಳ್ಳಗೆ ಮಾಡಿ. ಯಾವ ಕಾರಣಕ್ಕೂ ಒಳಗಿನ ಬಿಳಿ ಅಥವಾ ಕಪ್ಪು ಥರ್ಮೋಕೋಲನ್ನು ಚಾಕುವಿನಿಂದ ಕೆತ್ತಬೇಡಿ. ಬಿದ್ದಾಗ ಪೆಟ್ಟನ್ನು ತಿನ್ನುವುದು ಅದೇ, ಹೊರಗಿನ ಚಿಪ್ಪಲ್ಲ. ಕೆತ್ತಿದ ಮೇಲೆ ಐಎಸ್‌ಐ ಗುರುತು ಬರೀ ಸ್ಟಿಕ್ಕರ್. ವೈರನ್ನು ಹಿಂಬದಿಯಿಂದ, ಕತ್ತಿನ ಪಟ್ಟಿಯ ಒಳಗಿಂದ ಸುತ್ತಿಸಿ. ನೆತ್ತಿಯ ಮೇಲೆ ಹಾಯಿಸಿದರೆ ನೂರು ಕಿಲೋಮೀಟರ್‌ನಲ್ಲಿ ತಲೆ ಸಿಡಿಯುತ್ತದೆ. ಹೊರಗಿನ ಪೆಟ್ಟಿಗೆಯನ್ನು ಅಂಟಿಸುವುದಾದರೆ ಜಾಗವನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಅಂಟಿಸಿದ ಮೇಲೆ ಒಂದು ದಿನ ಪೂರ್ತಿ ಬಿಟ್ಟು ರಸ್ತೆಗಿಳಿಯಿರಿ.

ಸ್ಪೀಕರ್ ಬದಲಿಸಿ ವೈರ್ ಬೆಸುಗೆ ಹಾಕಿಸಿದ್ದರೆ ಇನ್ನೊಂದು ಗುಟ್ಟಿನ ದೋಷ ನೋಡಬೇಕು. ಒಂದರ ಪ್ಲಸ್ ಮೈನಸ್ ಅದಲುಬದಲಾದರೆ ಎರಡೂ ಸ್ಪೀಕರ್ ಕೆಲಸ ಮಾಡುತ್ತವೆ, ಆದರೆ ಬೇಸ್ ಮಾಯ, ಗಾಯಕರ ಧ್ವನಿ ತಲೆಯ ನಡುವೆ ನಿಲ್ಲದೆ ಚದುರಿದಂತೆ ಇರುತ್ತದೆ. ಒಂದೇ ಧ್ವನಿಯ ಮಾತು, ಉದಾಹರಣೆಗೆ ವಾರ್ತೆ, ಹಾಕಿ ಎರಡೂ ಸ್ಪೀಕರ್‌ಗಳನ್ನು ಮುಖಕ್ಕೆ ಮುಖ ಹತ್ತಿರ ತನ್ನಿ. ಹತ್ತಿರ ಬಂದಂತೆ ಧ್ವನಿ ಸೊರಗಿದರೆ ತಂತಿ ತಿರುವುಮುರುವಾಗಿದೆ.

ಹೀಗೆ ಎಲ್ಲ ಮಾಡಿದರೂ ಮನೆಯ ಹೆಡ್‌ಫೋನಿನ ಬೇಸ್ ಸಿಗುವುದಿಲ್ಲ, ಅದರ ಆಸೆ ಬಿಡಿ. ಗಾಳಿಯ ಸದ್ದಿನ ಬಹುಪಾಲು 500 ಹರ್ಟ್ಜ್‌ಗಿಂತ ಕೆಳಗಿದೆ, ಬೇಸ್ ಇರುವುದೂ ಅಲ್ಲೇ. ಮೃದಂಗದ ಎಡಗಡೆಯ ಗುಂಕಾರ, ತಬಲಾದ ಡಗ್ಗಾ ಗಾಳಿಯಲ್ಲಿ ಕರಗುತ್ತವೆ. ಅದಕ್ಕೆಂದು ಆಪ್‌ನಲ್ಲಿ ಬೇಸ್ ಬೂಸ್ಟ್ ಒತ್ತಿದರೆ ಪುಟ್ಟ ಆಂಪ್ಲಿಫೈಯರ್ ಇರುವ ಶಕ್ತಿಯನ್ನೆಲ್ಲ ಕೇಳಿಸದ ಸದ್ದಿಗೆ ಸುರಿದು, ಧ್ವನಿಯನ್ನೂ ಒಡೆಯುತ್ತದೆ. ಉಲ್ಟಾ ಮಾಡಿ: ಈಕ್ವಲೈಜರ್‌ನಲ್ಲಿ (ಬೇಸ್, ಚೂಪು ಸ್ವರಗಳನ್ನು ಬೇರೆಬೇರೆಯಾಗಿ ಏರಿಸಿಳಿಸುವ ಆಯ್ಕೆ) 100 ಹರ್ಟ್ಜ್‌ನಿಂದ ಕೆಳಗಿನದನ್ನು ಪೂರ್ತಿ ಇಳಿಸಿ, 1ರಿಂದ 4 ಕಿಲೋಹರ್ಟ್ಜ್ ನಡುವೆ 3ರಿಂದ 6 ಡೆಸಿಬೆಲ್ ಏರಿಸಿ. ಸಾಹಿತ್ಯದ ಸ್ಪಷ್ಟತೆ ಇರುವುದು ಅಲ್ಲಿ. ಫೋಮ್ ಪ್ಲಗ್ ಹಾಕಿದರೆ 6–8 ಕಿಲೋಹರ್ಟ್ಜ್ ಅನ್ನೂ ತುಸು ಎತ್ತಿ. ಮನೆಯಲ್ಲಿ ಕೇಳಿದರೆ ತಗಡು ಬಡಿದಂತಿರುತ್ತದೆ, 80ರ ವೇಗದಲ್ಲಿ ಸರಿಹೋಗುತ್ತದೆ.

ಹಾಡಿನ ಆಯ್ಕೆಯೂ ಲೆಕ್ಕಕ್ಕೆ ಬರುತ್ತದೆ. ಪಿಸುಮಾತಿನಿಂದ ಆರಂಭವಾಗಿ ಅಬ್ಬರಕ್ಕೇರುವ ಸಂಗೀತ ಹೆಲ್ಮೆಟ್ಟಿಗೆ ಒಗ್ಗುವುದಿಲ್ಲ. ವಿಲಂಬಿತ ಖಯಾಲಿನ ಆಲಾಪ ಕೇಳಿಸಲೆಂದು ಏರಿಸಿದ ವಾಲ್ಯೂಮ್ ವೇಗದ ದ್ರುತಕ್ಕೆ ಬರುವಾಗ ಕಿವಿ ಹರಿಯುತ್ತದೆ. ಭಾವಗೀತೆ, ಹಳೆಯ ಸಿನಿಮಾ ಹಾಡು, ಒಂದೇ ಮಟ್ಟದಲ್ಲಿ ಸಾಗುವ ಜನಪದ ಚೆನ್ನಾಗಿ ಕೇಳುತ್ತವೆ. ಯಕ್ಷಗಾನದ ಚೆಂಡೆ ಯಾವ ಗಾಳಿಯನ್ನೂ ಸೀಳಿಕೊಂಡು ಬರುತ್ತದೆ, ಅದು ಬಯಲಿನಲ್ಲಿ ಕೇಳಲೆಂದೇ ಹುಟ್ಟಿದ ವಾದ್ಯವಲ್ಲವೇ. ಆಪ್‌ನಲ್ಲಿ ಎಲ್ಲ ಹಾಡುಗಳ ಮಟ್ಟ ಸಮ ಮಾಡುವ ನಾರ್ಮಲೈಜೇಶನ್ ಆಯ್ಕೆ ಇದ್ದರೆ ಆನ್ ಮಾಡಿ.

ವಾಲ್ಯೂಮ್ ಎಷ್ಟಿರಬೇಕೆಂದು ಮೀಟರ್ ಇಲ್ಲದೆಯೂ ಹೇಳಬಹುದು. ಪ್ಲಗ್ ಹಾಕಿ 80ರಲ್ಲಿ ಹಿತವಾಗುವಷ್ಟು ಇಟ್ಟುಕೊಳ್ಳಿ. ಮುಂದಿನ ಟೋಲ್‌ನಲ್ಲಿ ಬೈಕ್ ನಿಧಾನವಾದಾಗ ಗಮನಿಸಿ. ಅದೇ ವಾಲ್ಯೂಮ್ ಸಹಿಸಬಹುದಾದರೆ ಸರಿ, ಕೈ ತಾನಾಗಿ ಬಟನ್‌ಗೆ ಹೋದರೆ ರಸ್ತೆಯುದ್ದಕ್ಕೂ ಹೆಚ್ಚಿತ್ತು ಎಂದೇ ಅರ್ಥ. ಎರಡು ಮೆಟ್ಟಿಲು ಇಳಿಸಿ, ಮತ್ತೆ ಏರಿಸಬೇಡಿ. ಕೆಲವು ಸೆಟ್‌ಗಳಲ್ಲಿ ಗಾಳಿ ಹೆಚ್ಚಿದಂತೆ ತಾನೇ ವಾಲ್ಯೂಮ್ ಏರಿಸುವ ಸೌಲಭ್ಯ ಇರುತ್ತದೆ. ಅದನ್ನು ಬಂದ್ ಮಾಡಿ ಅಥವಾ ಕನಿಷ್ಠಕ್ಕಿಡಿ, ಅದು ನೋಡುವುದು ಗಾಳಿಯನ್ನು, ನಿಮ್ಮ ಕಿವಿಯನ್ನಲ್ಲ.

ಇಯರ್‌ಬಡ್ಸ್ ಕೇಳಿದ್ದೀರಿ. ಕಿವಿಯನ್ನು ಮುಚ್ಚುವುದರಿಂದ ಕಡಿಮೆ ವಾಲ್ಯೂಮ್‌ನಲ್ಲಿ ಕೇಳುತ್ತದೆ, ಅದು ಅದರ ಗುಣ. ಆದರೆ ಹೆಲ್ಮೆಟ್ ಏರಿಸುವಾಗ ಪ್ಯಾಡ್ ಉಜ್ಜಿ ಸಡಿಲವಾಗುತ್ತದೆ, 20 ಕಿಲೋಮೀಟರ್ ಆದ ಮೇಲೆ ಜಾರಿದರೆ ನಿಲ್ಲಿಸಿ ಹೆಲ್ಮೆಟ್ ತೆಗೆಯಬೇಕು. ಮುಟ್ಟಿದರೆ ಕೆಲಸ ಮಾಡುವ ಮಾದರಿಗಳಲ್ಲಿ ಪ್ಯಾಡೇ ಹಾಡು ಬದಲಿಸುತ್ತದೆ. ಸದ್ದು ರದ್ದುಮಾಡುವ ಎಎನ್‌ಸಿ ವಿಮಾನದ ಗುಂಯ್‌ಗೆ ಒಳ್ಳೆಯದು, ಕ್ಷಣಕ್ಷಣಕ್ಕೆ ಬದಲಾಗುವ ಗಾಳಿಯ ಬಡಿತಕ್ಕೆ ಅದರ ಮೈಕುಗಳು ಗೊಂದಲಗೊಂಡು ಹೊಸ ಗುಡುಗನ್ನೇ ಹುಟ್ಟಿಸಬಹುದು. ಬಿದ್ದಾಗ ಕಿವಿಯ ನಾಳದೊಳಗೆ ಗಟ್ಟಿ ಪ್ಲಾಸ್ಟಿಕ್ ಇರುವುದೂ ಒಳ್ಳೆಯದಲ್ಲ. ಕಾನೂನಿನ ಮಟ್ಟಿಗೆ, ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಅಪಾಯಕಾರಿ ಚಾಲನೆ ಎನ್ನುವುದು ಕೈಯಲ್ಲಿ ಹಿಡಿದ ಫೋನ್ ಬಳಕೆಯನ್ನು. ಹೆಲ್ಮೆಟ್ ಸೆಟ್ ಕೈಯಲ್ಲಿಲ್ಲ ನಿಜ, ಆದರೂ ನಗರದಲ್ಲಿ ಕಿವಿಗೆ ಏನಾದರೂ ಸಿಕ್ಕಿಸಿಕೊಂಡು ಪೊಲೀಸರೊಡನೆ ವಾದಕ್ಕಿಳಿಯುವ ಬದಲು ಅಲ್ಲಿ ಹಾಡೇ ನಿಲ್ಲಿಸುವುದು ಜಾಣತನ.

ಫೋನ್ ಎಡಗಡೆಯ ಎದೆಜೇಬಿನಲ್ಲಿರಲಿ. ಸೆಟ್ಟಿನ ಪೆಟ್ಟಿಗೆ ಸಾಮಾನ್ಯವಾಗಿ ಹೆಲ್ಮೆಟ್ಟಿನ ಎಡಕ್ಕಿರುತ್ತದೆ, ಬ್ಲೂಟೂತ್ ಅಲೆಯನ್ನು ನೀರು ತುಂಬಿದ ನಮ್ಮ ಮೈ ಹೀರಿಕೊಳ್ಳುತ್ತದೆ. ಪ್ಯಾಂಟಿನ ಬಲ ಹಿಂಜೇಬಿನಲ್ಲಿಟ್ಟರೆ ಹಾಡು ಕಡಿಯುತ್ತದೆ, ಜನ ಸೆಟ್ಟನ್ನು ಬೈಯುತ್ತಾರೆ. ಹಾಡುಗಳನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ, ಯಲ್ಲಾಪುರ ದಾಟಿದ ಮೇಲೆ ಕಾಡಿನಲ್ಲಿ ಸಿಗ್ನಲ್ ನಂಬುವಂತಿಲ್ಲ. 160 ಕೆಬಿಪಿಎಸ್ ಗುಣಮಟ್ಟ ಸಾಕೋ ಸಾಕು: ಗಂಟೆಗೆ 72 ಎಂಬಿ, ಎಂಟು ಗಂಟೆಗೆ 576 ಎಂಬಿ. ಹೆಲ್ಮೆಟ್ಟಿನಲ್ಲಿ ಅದಕ್ಕಿಂತ ಮೇಲಿನ ಗುಣಮಟ್ಟ ಯಾರಿಗೂ ತಿಳಿಯದು. ಜೊತೆಯ ಸವಾರರೊಡನೆ ಇಂಟರ್‌ಕಾಮ್ ತೆರೆದಾಗ ಹಾಡು ಹಳೆಯ ರೇಡಿಯೋದಂತಾದರೆ ಗಾಬರಿ ಬೇಡ. ಹಲವು ಸೆಟ್‌ಗಳು ಮಾತಿನ ವಿಧಾನಕ್ಕೆ ಬದಲಾದಾಗ ಸ್ಟೀರಿಯೋ ಬಿಟ್ಟುಬಿಡುತ್ತವೆ.

ಯಲ್ಲಾಪುರ, ಅಂಕೋಲಾ ನಡುವಿನ ಅರಬೈಲು ಘಟ್ಟ ಶುರುವಾಗುವ ಮೊದಲೇ ಹಾಡು ನಿಲ್ಲಿಸಿ. ಅಲ್ಲಿ ತಿರುವಿನಾಚೆಯ ಲಾರಿ ಕಾಣುವ ಮೊದಲು ಕೇಳುತ್ತದೆ. ವೇಗವೂ 30–40ಕ್ಕೆ ಇಳಿದಿರುತ್ತದೆ, ಫೋಮ್ ಪ್ಲಗ್ ಇದ್ದರೆ ಘಟ್ಟದ ತಲೆಯಲ್ಲಿ ಒಂದು ಚಹಾಕ್ಕೆ ನಿಂತು ತೆಗೆದುಬಿಡಿ. ಒಂದು ಕಿವಿಗೆ ಮಾತ್ರ ಪ್ಲಗ್ ಹಾಕುವುದು ಬೇಡ, ಹಾರ್ನ್ ಯಾವ ದಿಕ್ಕಿನಿಂದ ಬಂತೆಂದು ತಿಳಿಯಲು ಎರಡೂ ಕಿವಿ ಸಮನಾಗಿರಬೇಕು. ಜೋರು ಮಳೆಯಲ್ಲೂ ಊರೊಳಗೂ ಹಾಡು ನಿಲ್ಲಿಸುವುದೇ ನಿಯಮ. ಮಧ್ಯಾಹ್ನದ ಊಟದ ನಂತರ ರಾಣೆಬೆನ್ನೂರು, ಹಾವೇರಿಯ ನಡುವೆ ತೂಕಡಿಕೆ ಬಂದರೆ ಹಾಡು ಜೋರು ಮಾಡಿ ಓಡಿಸಬೇಡಿ. ಅದಕ್ಕೆ ಮದ್ದು ಇಪ್ಪತ್ತು ನಿಮಿಷದ ನಿದ್ದೆ.

ಕೊನೆಗೆ ಕಿವಿ. ಪ್ಲಗ್ ಹಾಕಿ ಹೋಗಿ ಬಂದ ಮೇಲೂ ಗುಂಯ್ ಸದ್ದು ಎರಡು ದಿನಕ್ಕೆ ಇಳಿಯದಿದ್ದರೆ, ಅಥವಾ ಎದುರಿಗಿದ್ದವರ ಸ, ಷ, ಚ ಅಕ್ಷರಗಳು ಮಸುಕಾಗಿ ಕೇಳುತ್ತಿದ್ದರೆ ಆಡಿಯೋಗ್ರಾಂ, ಅಂದರೆ ಯಾವ ಸ್ವರ ಎಷ್ಟು ಕೇಳುತ್ತದೆ ಎಂದು ನೋಡುವ ಕಿವಿಯ ಪರೀಕ್ಷೆ, ಮಾಡಿಸಿ. ಗಲಾಟೆಯಿಂದಾದ ಹಾನಿ ಸಾಮಾನ್ಯವಾಗಿ 4 ಕಿಲೋಹರ್ಟ್ಜ್ ಸುತ್ತ ತಗ್ಗಾಗಿ ಮೊದಲು ಕಾಣುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಇಂಥ ಕೆಲಸಕ್ಕೆ, ಹತ್ತಿರದ ಇಎನ್‌ಟಿ ವೈದ್ಯರಲ್ಲಿಯೂ ಆಗುತ್ತದೆ. ಒಂದು ಕಿವಿ ಥಟ್ಟನೆ ಮಂದವಾದರೆ ಮಾತ್ರ ದಿನ ಎಣಿಸಬೇಡಿ, ಅಂದೇ ಹೋಗಿ.

ಇವೆಲ್ಲ ಮಾಡಿ ಎರಡು ಪ್ರಯಾಣ ಮುಗಿಸಿ. ಆಗಲೂ ಹೊಸ ಸೆಟ್ ಬೇಕೆನಿಸಿದರೆ ಬೆಂಗಳೂರಿನದೇ ಆದ ಬ್ಲೂಆರ್ಮರ್‌ನಿಂದ ಹಿಡಿದು ಸೇನಾ, ಕಾರ್ಡೋ ಬ್ರ್ಯಾಂಡ್‌ಗಳವರೆಗೆ ಬೇಕಾದಷ್ಟಿವೆ. ನೀರು ತಡೆಯುವ ಐಪಿ67 ಗುರುತು, ಬದಲಿಸಬಹುದಾದ ಸ್ಪೀಕರ್, ಗ್ಲೌಸ್ ಹಾಕಿದ ಕೈಗೆ ಸಿಗುವಷ್ಟು ದೊಡ್ಡ ಬಟನ್, ಇಷ್ಟು ನೋಡಿ. ಅಂಗಡಿಗೆ ಹೆಲ್ಮೆಟ್ಟನ್ನೂ ಒಯ್ಯಿರಿ. ಕಿವಿಯ ಗುಂಡಿಯ ಅಗಲ, ಆಳ ಎರಡನ್ನೂ ಸ್ಕೇಲಿನಲ್ಲಿ ಅಳೆದು, ಸ್ಪೀಕರ್‌ನ ಅಳತೆಗೆ ಹೋಲಿಸಿಯೇ ಹಣ ಕೊಡಿ.